ಸಂಧಿವಾತವೂ ರೋಗಿಯ ದಿನಚರಿಯೂ

ಕೀಲುನೋವೆಂದರೆ ಮುಪ್ಪಿನ ಸಂಗಾತಿಯೆಂದು ತಿಳಿಯುವುದು ನಮ್ಮಲ್ಲಿ ವಾಡಿಕೆ. ಆದರೆ ಕೀಲುನೋವುಗಳೆಲ್ಲವೂ ಒಂದೇ ಅಲ್ಲ. ವಯಸ್ಸಾದಂತೆ ಮಂಡಿ ಸವೆದು ಬರುವ ನೋವು ಬೇರೆ. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ತನ್ನ ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಹುಟ್ಟುವ ಉರಿಯೂತದ ಸಂಧಿವಾತ ಬೇರೆ. ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆಯುವ ಈ ರೋಗ ನಡುವಯಸ್ಸಿನವರನ್ನೂ ಬಿಡದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬೆರಳು, ಮಣಿಕಟ್ಟುಗಳು ಊದಿಕೊಂಡು, ಬೆಳಿಗ್ಗೆ ಬಹಳ ಹೊತ್ತು ಪೆಡಸಾಗಿರುತ್ತವೆ. ಅಲಕ್ಷಿಸಿದರೆ ಮೂಳೆ ಸವೆದು ಕೈ ಸೊಟ್ಟಗಾಗುತ್ತದೆ.

ಈ ರೋಗ ದಿನದಿನಕ್ಕೆ ಏರಿಳಿಯುವಂಥದು. ರೋಗಿಯಾದರೋ ವೈದ್ಯರನ್ನು ಕಾಣುವುದು ಎರಡು ಮೂರು ತಿಂಗಳಿಗೊಮ್ಮೆ. 'ಹೇಗಿದ್ದೀರಿ?' ಎಂಬ ಪ್ರಶ್ನೆಗೆ ಆತ ನೆನಪಿನಿಂದಲೇ ಉತ್ತರ ಹೇಳಬೇಕು. ನೆನಪು ನಿನ್ನೆಯ ನೋವನ್ನು ಹಿಗ್ಗಿಸುತ್ತದೆ, ಕಳೆದ ತಿಂಗಳದನ್ನು ಕುಗ್ಗಿಸುತ್ತದೆ. ಮುಖ್ಯ ಔಷಧವಾದ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ಅದರ ಗುಣ ಕಾಣಲು ವಾರಗಳೇ ಬೇಕು. ಹೀಗಿರುವಲ್ಲಿ ಒಂದು ದಿನದ ನೋಟದಿಂದ ಅದರ ಪ್ರಮಾಣವನ್ನು ನಿಶ್ಚಯಿಸುವುದು ಸುಲಭವೆ?

ಆದುದರಿಂದಲೇ ರೋಗಿಯ ಮಾತನ್ನು ಅಂಕಿಗಳಲ್ಲಿ ಹಿಡಿಯುವ ಪ್ರಯತ್ನಗಳು ನಡೆದಿವೆ. 'ರ‍್ಯಾಪಿಡ್-3' ಎಂಬ ಅಳತೆಯಲ್ಲಿ ರಕ್ತಪರೀಕ್ಷೆಯೇ ಇಲ್ಲ. ದಿನನಿತ್ಯದ ಕೆಲಸ ಮಾಡಲು ಎಷ್ಟು ಕಷ್ಟ, ನೋವು ಎಷ್ಟು, ಒಟ್ಟು ಸ್ಥಿತಿ ಹೇಗೆ ಎಂಬ ಮೂರಕ್ಕೆ ರೋಗಿಯ ಉತ್ತರಗಳಿಂದ ಹತ್ತರೊಳಗೆ ಒಂದೊಂದು ಅಂಕ. ಮೊತ್ತ 12ನ್ನು ಮೀರಿದರೆ ರೋಗ ತೀವ್ರವಾಗಿದೆ; 3ನ್ನು ಮೀರದಿದ್ದರೆ ಬಹುಮಟ್ಟಿಗೆ ಅಡಗಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರು 'ರೆಮೋರಾ' ಎಂಬ ಯೋಜನೆಯಲ್ಲಿ ಇನ್ನೂ ಮುಂದೆ ಹೋದರು. ರೋಗಿ ಪ್ರತಿದಿನ ಮೊಬೈಲಿನಲ್ಲಿ ಕೊಟ್ಟ ಉತ್ತರಗಳು ಆಸ್ಪತ್ರೆಯ ದಾಖಲೆಯನ್ನು ಸೇರಿ, ಭೇಟಿಯ ದಿನ ವೈದ್ಯರೂ ರೋಗಿಯೂ ಒಟ್ಟಿಗೆ ನೋಡುವ ರೇಖಾಚಿತ್ರವಾಗುತ್ತಿದ್ದವು.

ಇದಕ್ಕೆ ಮೊಬೈಲೇ ಬೇಕೆಂದಿಲ್ಲ, ಅಕ್ಷರವೂ ಬೇಕೆಂದಿಲ್ಲ. ಈ ರೋಗವುಳ್ಳ ನನ್ನ ಅವ್ವನಿಗೆ ಓದುಬರಹ ಬಾರದು. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಾಳೆ: ಒಲೆ ಹಚ್ಚುವ ವೇಳೆಗೆ ಮುಷ್ಟಿ ಕಟ್ಟಲು ಬಂದರೆ ಒಂದು, ಹಾಲಿನವನು ಬಂದ ಮೇಲಾದರೆ ಎರಡು, ನಾನು ಕಾಲೇಜಿಗೆ ಹೊರಡುವವರೆಗೂ ಬಾರದಿದ್ದರೆ ಮೂರು. ಕಳೆದ ಭೇಟಿಯ ದಿನ ಅವಳ ಕೈ ಹಗುರವಾಗಿಯೇ ಇತ್ತು. ಆದರೆ ಅದರ ಹಿಂದಿನ ಎರಡು ವಾರಗಳಲ್ಲಿ ಮೂರು ಗೆರೆಗಳೇ ತುಂಬಿದ್ದುದನ್ನು ಕಂಡು ವೈದ್ಯರು ಕೀಲುಗಳನ್ನು ಮತ್ತೆ ಒತ್ತಿ ನೋಡಿ, ರಕ್ತಪರೀಕ್ಷೆ ಮಾಡಿಸಿ, ಔಷಧದ ಪ್ರಮಾಣವನ್ನು ಹೆಚ್ಚಿಸಿದರು.

ಎರಡು ಎಚ್ಚರಿಕೆಗಳುಂಟು. ನೋವೆಲ್ಲವೂ ಉರಿಯೂತದ್ದಲ್ಲ, ನಿದ್ದೆಗೇಡು, ದುಡಿಮೆ, ಮನಸ್ಸಿನ ಬೇಗೆ ಇವೂ ಅಂಕವನ್ನು ಏರಿಸುತ್ತವೆ. ಆದುದರಿಂದ ಗೆರೆ ನೋಡಿ ತಾವೇ ಮಾತ್ರೆ ಬದಲಿಸುವುದು ಅಪಾಯ. ಎರಡನೆಯದಾಗಿ, ಜನ ತುಂಬಿದ ಆಸ್ಪತ್ರೆಯಲ್ಲಿ ವೈದ್ಯರಿಗೆ ಪುಸ್ತಕ ಓದುವಷ್ಟು ಸಮಯವಿರದು. ಬೆಳಗಿನ ಪೆಡಸು, ನೋವಿನ ಅಂಕ, ಮಾಡಲಾಗದ ಕೆಲಸ, ತಪ್ಪಿದ ಮಾತ್ರೆ—ಇವಿಷ್ಟು ತಿಂಗಳಿಗೊಂದು ಹಾಳೆಯಲ್ಲಿದ್ದರೆ ಸಾಕು.

ರೋಗವೇನೆಂಬುದನ್ನು ವೈದ್ಯರು ಬಲ್ಲರು. ಅದರೊಡನೆ ದಿನ ಕಳೆಯುವುದು ಹೇಗೆಂಬುದನ್ನು ರೋಗಿಯೇ ಬಲ್ಲ. ಈ ಎರಡು ತಿಳಿವಳಿಕೆಗಳೂ ಕೂಡಿದಲ್ಲಿ ಚಿಕಿತ್ಸೆಗೆ ಕಣ್ಣು ಬರುತ್ತದೆ. ಮನೆಯಲ್ಲಿ ಇಂಥ ರೋಗಿಗಳಿರುವ ವಿದ್ಯಾರ್ಥಿ ಮಿತ್ರರು ಒಂದು ಹಾಳೆ, ಒಂದು ಪೆನ್ಸಿಲು ಒದಗಿಸಿಕೊಟ್ಟರೆ, ಅದೂ ನಮ್ಮ ಓದಿನ ಒಂದು ಸಾರ್ಥಕ್ಯವೇ ಸರಿ.