ಲಂಗಕ್ಕೆ ಅಂಟಿ ಬಂದ ಬೀಜ

ದೀಪಾವಳಿ ಕಳೆದ ಮೇಲೆ ಅಜ್ಜಂಪುರ ಸುತ್ತಿನ ಕಾವಲುಗಳಲ್ಲಿ ಊಬಿನ ಹುಲ್ಲು ಒಣಗಿ ಕೆಂಪಾಗುತ್ತದೆ. ಒಂದನೇ ತರಗತಿ ಮಕ್ಕಳನ್ನು ಕಾವಲಿನ ಅಂಚಿನವರೆಗೆ ಕರೆದೊಯ್ದು ಬರುವಷ್ಟರಲ್ಲಿ ಅವರ ಲಂಗ, ಚಡ್ಡಿ, ನನ್ನ ಸೀರೆ ನೆರಿಗೆ ಎಲ್ಲದರ ತುಂಬ ಬೀಜ. ಮೊದಲೆಲ್ಲ ಕಿತ್ತು ಬಿಸಾಡಿಸುತ್ತಿದ್ದೆ. ಈಗ ಶಾಲೆಯ ಜಗಲಿ ಮೇಲೆ ಹಳೇ ಪೇಪರ್ ಹಾಸಿ, ಒಂದೊಂದನ್ನೇ ಬಿಡಿಸಿ ಗುಂಪು ಮಾಡಿಸುತ್ತೇನೆ.

ಈ ಕಾವಲುಗಳು ಮೈಸೂರು ಅರಸರ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಅದೇ ಹೆಸರಿನ ದನದ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ನಮ್ಮೂರಲ್ಲಿದೆ. ಎಳೆಯ ಊಬಿನ ಹುಲ್ಲನ್ನು ದನ ಮೇಯುತ್ತವೆ. ಬೀಜ ಬಲಿತ ಮೇಲೆ ಅದು ಕುರಿಗಳ ಉಣ್ಣೆಗೆ ಸಿಕ್ಕಿ ಚರ್ಮಕ್ಕೂ ಚುಚ್ಚುತ್ತದೆ.

ಯಾಕೆ ಚುಚ್ಚುತ್ತದೆ ಅನ್ನುವುದನ್ನು ನಾನು ಬಾಯಲ್ಲಿ ಹೇಳುವುದಿಲ್ಲ. ಬೀಜವೊಂದನ್ನು ಮಗುವಿನ ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಡುತ್ತೇನೆ. ಒಣಗಿ ಹುರಿಗೊಂಡಿದ್ದ ಉದ್ದನೆಯ ಊಬು ನಿಧಾನವಾಗಿ ಬಿಚ್ಚಿಕೊಳ್ಳುತ್ತ ತಿರುಗಲು ಶುರುಮಾಡುತ್ತದೆ. "ಮಿಸ್, ಇದಕ್ಕೆ ಜೀವ ಐತೆ!" ಎಂದು ಮಗು ಕೈ ಕೊಡವುತ್ತದೆ. ನೆಂದಾಗ ಬಿಚ್ಚಿ, ಒಣಗಿದಾಗ ಮತ್ತೆ ಹುರಿಗೊಂಡು, ಬಡಗಿಯ ಬೈರಿಗೆಯ ಹಾಗೆ ಬೀಜ ತನ್ನನ್ನು ತಾನೇ ನೆಲದೊಳಕ್ಕೆ ಕೊರೆದುಕೊಳ್ಳುತ್ತದೆ.

ಮುಂದಿನದು ಉತ್ತರಾಣಿ. ಕಡ್ಡಿಯ ಮೇಲೆ ಕೆಳಮುಖವಾಗಿ ಕೂತ ಕಾಯಿಗೆ ಸೂಜಿಮೊನೆಯ ಸಿಪ್ಪೆ. ಬಟ್ಟೆ ತಾಗಿದರೆ ಸಾಕು, ಕಚ್ಚಿಕೊಂಡು ಹೊರಡುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ 1941ರಲ್ಲಿ ತನ್ನ ನಾಯಿಯ ಮೈಗೆ ಹೀಗೇ ಅಂಟಿದ್ದ ಮುಳ್ಳುಕಾಯಿಗಳ ಕೊಕ್ಕೆ ನೋಡಿಯೇ, ಮಕ್ಕಳು ಚರ್ರನೆ ಬಿಡಿಸುವ ಶೂ ಪಟ್ಟಿಯ ವೆಲ್ಕ್ರೋ ಕಂಡುಹಿಡಿದ. ಎಕ್ಕದ ಬೀಜಕ್ಕೆ ರೇಷ್ಮೆಯಂಥ ಕೂದಲಿದೆ, ಅದು ಗಾಳಿಯನ್ನೇ ನಂಬಿದೆ. ಕರಿಜಾಲಿಯ ಕಾಯನ್ನು ಮೇಕೆ ತಿಂದು, ಬೀಜವನ್ನು ಬೇರೆಲ್ಲೋ ಹಿಕ್ಕೆಯಲ್ಲಿ ಹಾಕುತ್ತದೆ. ಬೇರೂರಿದ ಗಿಡ ನಡೆಯಲಾರದು, ಅದಕ್ಕೇ ಮಕ್ಕಳನ್ನು ಪ್ರಯಾಣ ಕಳಿಸುತ್ತದೆ ಎಂಬುದು ಆರು ವರ್ಷದವರಿಗೂ ಅರ್ಥವಾಗುತ್ತದೆ.

ಕೆಲವನ್ನು ಮಾತ್ರ ದೂರದಿಂದಲೇ ತೋರಿಸಬೇಕು. ಕೆಂಪು-ಕಪ್ಪಿನ ಗುಲಗಂಜಿ, ಉಮ್ಮತ್ತಿ, ಹರಳು ಬೀಜ ವಿಷ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ಯಾವ ಬೀಜವನ್ನೂ ಬಾಯಿಗೆ ಹಾಕಬಾರದು, ಮೂಗು-ಕಿವಿಗೆ ತುರುಕಬಾರದು. ವಾಪಸ್ ಬಂದು ಕೈ ತೊಳೆಯಲೇಬೇಕು. ಈ ಮಾತನ್ನು ಹೊರಡುವ ಮುಂಚೆಯೇ ಹೇಳಿ, ಮಕ್ಕಳಿಂದಲೂ ಹೇಳಿಸಿ.

ಬಿಡಿಸಿದ ಬೀಜಗಳನ್ನು ಒಡೆದ ಮಡಕೆಯಲ್ಲಿ ಬಿತ್ತಿದೆವು. ಉತ್ತರಾಣಿ ಬೇಗ ಮೊಳೆಯಿತು. ಊಬಿನ ಹುಲ್ಲು ಏಳಲೇ ಇಲ್ಲ. ಹೊಸ ಬೀಜ ಕೆಲವು ತಿಂಗಳು ಮಲಗಿಯೇ ಇರುತ್ತದೆ, ಕಾಯೋಣ ಎಂದೆ. ಬೇಸಿಗೆ ರಜೆ ಮುಗಿದು ಮುಂಗಾರು ಬಿದ್ದ ವಾರ, ಎರಡನೇ ತರಗತಿಗೆ ಬಂದಿದ್ದ ಹುಡುಗಿಯೊಬ್ಬಳು ಮಡಕೆಯ ಹತ್ತಿರದಿಂದಲೇ ಕೂಗಿದಳು: "ಮಿಸ್, ನನ್ ಲಂಗದ್ದು ಹುಟ್ಟೈತೆ!"