ಸನ್ನತಿಯ ದಾರಿಯಲ್ಲಿ ಕಚ್ಚಿ ಕುಳಿತ ನಟ್ಟು

ಕಾರು ಇಟ್ಟುಕೊಂಡವರೆಲ್ಲರೂ ಒಂದಲ್ಲ ಒಂದು ದಿನ ರಸ್ತೆಯ ಬದಿಯಲ್ಲಿ ಮಂಡಿಯೂರಿ ಕುಳಿತು, ನಿಂಬೆಹಣ್ಣಿನಷ್ಟೂ ಇಲ್ಲದ ಕಬ್ಬಿಣದ ತುಂಡೊಂದರ ಮುಂದೆ ತಮ್ಮ ವಿದ್ಯೆ, ಸಂಬಳ, ಸ್ಥಾನಮಾನಗಳನ್ನೆಲ್ಲ ಮರೆಯಬೇಕಾಗುತ್ತದೆ. ನನಗೆ ಆ ಯೋಗ ಒದಗಿದುದು ಸನ್ನತಿಯಿಂದ ಹಿಂದಿರುಗುವಾಗ.

ಚಂದ್ರಲಾಂಬೆಗೆ ನಮ್ಮ ತಾಯಿಯವರು ಹೊತ್ತಿದ್ದ ಹರಕೆಯೊಂದು ಬಹುಕಾಲದಿಂದ ಹಾಗೆಯೇ ಉಳಿದಿತ್ತು. ಅಕ್ಕನ ಮಗನಿಗೆ ಮುಂಬಯಿಯಿಂದ ಸಂದರ್ಶನದ ಕರೆ ಬಂದೊಡನೆ, 'ಮೊದಲು ದೇವಿಗೆ ಉಡಿ ತುಂಬಿ, ಆಮೇಲೆ ಹುಡುಗನನ್ನು ರೈಲು ಹತ್ತಿಸಿ' ಎಂದು ಅವರ ಅಪ್ಪಣೆಯಾಯಿತು. ಬೆಳಿಗ್ಗೆ ಸನ್ನತಿ, ರಾತ್ರಿ ವಾಡಿ ಜಂಕ್ಷನ್ನಿನಲ್ಲಿ ರೈಲು, ಇದು ನಮ್ಮ ಲೆಕ್ಕ. ಭೀಮಾ ನದಿಯ ದಂಡೆಯ ಮೇಲಿನ ಆ ದೇವಾಲಯದ ಆವರಣದಲ್ಲಿಯೇ, 1986ರಲ್ಲಿ ಕಾಳಿಗುಡಿಯ ಛಾವಣಿ ಕುಸಿದು ಬಿದ್ದಾಗ, ದೇವಿಯ ಪೀಠಕ್ಕೆಂದು ಬಳಸಿದ್ದ ಕಲ್ಲು ಅಶೋಕನ ಶಾಸನವೆಂದು ಬೆಳಕಿಗೆ ಬಂದಿತು. ಮೂರ್ತಿಯನ್ನು ಕೂರಿಸಲು ಆ ಕಲ್ಲಿನ ನಡುವೆ ಚೌಕನಾದ ರಂಧ್ರವೊಂದನ್ನು ಕೊರೆದಿದ್ದರು. ಹಾಗೆ ಕೊರೆದಲ್ಲಿ ಚಕ್ರವರ್ತಿಯ ಅಕ್ಷರಗಳು ಕೆಲವು ಹೋದವು. ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನೇ ಕೊರೆದಿರುವ ಶಿಲ್ಪವುಂಟು. ಅದನ್ನು ನೋಡುತ್ತ ನಿಂತು ಹೊತ್ತು ಹೋದುದೇ ತಿಳಿಯಲಿಲ್ಲ. ನಾವು ಹೊರಟಾಗ ಸೂರ್ಯ ಇಳಿಯತೊಡಗಿದ್ದ.

ನಾಲವಾರ ಇನ್ನೂ ಮುಂದಿರುವಾಗಲೇ ಹಿಂದಿನ ಎಡಗಾಲಿ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲಿ ಗಾಳಿಯಿತ್ತು, ಜಾಕ್ ಇತ್ತು. ಅದರ ಮೇಲೆ, ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ನಲವತ್ತು ತುಂಡುಗಳ ಪಾನಾ ಪೆಟ್ಟಿಗೆಯೂ ಇತ್ತು. ಭಯವೇನು? ಕಾರನ್ನು ಜಾಕಿನ ಮೇಲೆ ಎತ್ತಿಯೇಬಿಟ್ಟೆ. ನಟ್ಟು ತಿರುಗಿಸಹೋದರೆ ಗಾಲಿಯೇ ತಿರುಗಿತು. ಜಾಕ್ ಕರಿಮಣ್ಣಿನಲ್ಲಿ ಮೆಲ್ಲನೆ ಇಳಿಯತೊಡಗಿತು. ಹೇಗೋ ಮೂರು ನಟ್ಟುಗಳು ಬಿಚ್ಚಿದವು. ನಾಲ್ಕನೆಯದು ಜಪ್ಪಯ್ಯ ಎನ್ನಲಿಲ್ಲ. ರಾಚೆಟ್ ಹಿಡಿಕೆಯನ್ನು ಹಾಕಿ ಬಲವಾಗಿ ಜಗ್ಗಿದೆ. ಕಟಕ್ಕೆಂದು ಸದ್ದಾಗಿ ಒಳಗಿನ ಹಲ್ಲು ಮುರಿಯಿತು. ಪೆಟ್ಟಿಗೆಯಲ್ಲಿದ್ದ ಬೇರೆ ಹಿಡಿಕೆಗೆ ಹಾಕಿ ಒತ್ತಿದರೆ ಸಾಕೆಟ್ಟು ಜಾರಿ, ನಟ್ಟಿನ ಮೂಲೆಗಳು ಸವೆದು ಹೊಳೆದವು.

"ಮಾಮಾ, ನಾನು ಪಾನಾದ ಮೇಲೆ ಹತ್ತಿ ನಿಲ್ಲಲೇನು?" ಎಂದ ಅಳಿಯ. ಕಾರಿನ ಪಕ್ಕದಲ್ಲಿ ನಿಂತಿದ್ದ ತಾಯಿಯವರು, "ಬ್ಯಾಡಪ್ಪಾ, ಕಾಲು ಮುರಕೊಂಡು ಮುಂಬೈಗಿ ಹೋಗ್ತಿ ಏನು?" ಎಂದು ಗದರಿದರು. ಗಡಿಯಾರ ಏಳಕ್ಕೆ ಹತ್ತಿರವಾಗಿತ್ತು.

ಆ ವೇಳೆಗೆ ಮೋಪೆಡ್ಡಿನಲ್ಲಿ ಬಂದ ಹಿರಿಯರೊಬ್ಬರು ನಿಂತರು. ಶಹಾಬಾದ್ ಕಡೆಯ ಕಲ್ಲುಗಣಿಗಳ ಲಾರಿಗಳನ್ನು ರಿಪೇರಿ ಮಾಡಿ ಕೈ ಪಳಗಿದವರು. ಹಿಂದೆ ಗೋಣಿಚೀಲದಲ್ಲಿ ಸಾಮಾನು. ನನ್ನ ಸಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು.

"ಸಾಹೇಬ್ರ, ಇದು ಹನ್ನೆರಡು ಮೂಲಿ ಗೋಟಿ ಅದರೀ. ಸಡಲ ನಟ್ಟಿಗಿ ನಡೀತದ. ಕಚ್ಚಿ ಕುಂತ ನಟ್ಟಿಗಿ ಆರು ಮೂಲೀದೇ ಬೇಕು."

ಈ ಒಂದು ಮಾತಿನಲ್ಲಿ ಅರ್ಧ ಶಾಸ್ತ್ರವೇ ಅಡಗಿದೆ. ನಟ್ಟಿಗೆ ಇರುವುದು ಆರು ಮುಖ. ಆರು ಮೂಲೆಯ ಸಾಕೆಟ್ಟು ಮುಖಗಳನ್ನು ಅಗಲವಾಗಿ ಅವುಚಿ ಹಿಡಿಯುತ್ತದೆ. ಹನ್ನೆರಡು ಮೂಲೆಯದು ಮೂಲೆಗಳ ಸಮೀಪದಲ್ಲಷ್ಟೇ ತಾಗುತ್ತದೆ. ಇಕ್ಕಟ್ಟಿನ ಸ್ಥಳದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಕೂರಿಸಲು ಅದು ಅನುಕೂಲ ನಿಜ. ಆದರೆ ಬಲ ಹೆಚ್ಚಾದೊಡನೆ ಮೂಲೆಯನ್ನು ಕೆತ್ತಿ ಜಾರಿಬಿಡುತ್ತದೆ. ಕೆಲವು ಒಳ್ಳೆಯ ಸಾಕೆಟ್ಟುಗಳಲ್ಲಿ ಮೂಲೆಗಳನ್ನು ಕೊಂಚ ಗುಂಡಗೆ ಮಾಡಿ, ಹಿಡಿತವೆಲ್ಲ ಮುಖದ ಮೇಲೆಯೇ ಬೀಳುವಂತೆ ಮಾಡಿರುತ್ತಾರೆ. ಕೊಳ್ಳುವಾಗ ಒಳಗೆ ಬೆರಳಾಡಿಸಿ ನೋಡಿದರೆ ಗೊತ್ತಾಗುತ್ತದೆ.

ಅಳತೆಯ ವಿಷಯದಲ್ಲಿ 'ಸುಮಾರಾಗಿ ಕೂತರೆ ಸಾಕು' ಎಂಬ ನಮ್ಮ ಸ್ವಭಾವ ಇಲ್ಲಿ ನಡೆಯದು. ಇಂದಿನ ಕಾರುಗಳ ಗಾಲಿಗೆ ಸಾಮಾನ್ಯವಾಗಿ 17, 19 ಅಥವಾ 21 ಮಿಲಿಮೀಟರಿನ ನಟ್ಟುಗಳಿರುತ್ತವೆ. ಆದರೆ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಸಂತತಿಯಾದುದರಿಂದ ಅದರದು ಇಂಚಿನ ಲೆಕ್ಕ. ಇಟಲಿಯ ಕುಲದ ಫಿಯಟ್ಟಿನದು ಮಿಲಿಮೀಟರಿನ ಲೆಕ್ಕ. ಮುಕ್ಕಾಲಿಂಚು ಎಂದರೆ 19.05 ಮಿಲಿಮೀಟರು. ಅಲ್ಲಿ 19ರ ಸಾಕೆಟ್ಟು ಹೆಚ್ಚುಕಡಿಮೆ ಒಪ್ಪುತ್ತದೆ. ಆದರೆ ಅರ್ಧ ಇಂಚು 12.7 ಮಿಲಿಮೀಟರು. ಅದಕ್ಕೆ 13ರದನ್ನು ಹಾಕಿದರೆ ಬಿಗಿಯಾಗಿ ಕುಳಿತಂತೆ ಕಂಡು ಕೊನೆಗೆ ಕೈಕೊಡುತ್ತದೆ. ಅಜ್ಜನ ಕಾರನ್ನು ಅಭಿಮಾನದಿಂದ ಉಳಿಸಿಕೊಂಡಿರುವ ಮನೆಗಳವರು ಎರಡೂ ಜೊತೆಗಳನ್ನು ಇಟ್ಟುಕೊಳ್ಳುವುದು ಲೇಸು. ಹಿಡಿಕೆ ಸೇರುವ ಚೌಕದ ರಂಧ್ರ ಮಾತ್ರ ಜಗತ್ತಿನಾದ್ಯಂತ ಇಂಚಿನದೇ: ಕಾಲು, ಮೂರೆಂಟಾಂಶ, ಅರ್ಧ, ಮುಕ್ಕಾಲು. ಕಾರಿನ ಗಾಲಿಗೆ ಅರ್ಧ ಇಂಚಿನದು ಬೇಕು. ಮುಕ್ಕಾಲಿಂಚಿನದು ಲಾರಿಯವರಿಗಿರಲಿ.

ಚಾಚಾ ಮೊದಲು ಮಾಡಿದ ಕೆಲಸವೆಂದರೆ ಬಿಚ್ಚಿದ್ದ ಮೂರು ನಟ್ಟುಗಳನ್ನು ಕೈಯಿಂದ ಮತ್ತೆ ಹಾಕಿ, ಕಾರನ್ನು ನೆಲಕ್ಕಿಳಿಸಿದ್ದು. ನಟ್ಟು ಸಡಿಲಿಸುವುದು ಗಾಲಿ ನೆಲದ ಮೇಲಿರುವಾಗ, ತೆಗೆಯುವುದು ಗಾಲಿ ಎತ್ತಿದ ಮೇಲೆ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಸಿದರು. ಹೊಲದ ಬದುವಿನಲ್ಲಿ ಬಿದ್ದಿದ್ದ ಅಗಲವಾದ ಹಾಸುಗಲ್ಲೊಂದನ್ನು ಅಳಿಯನಿಂದ ಹೊರಿಸಿ ಜಾಕಿನ ಅಡಿಗೆ ಹಾಕಿಸಿದರು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಹೀಗೂ ಉಪಯೋಗಕ್ಕೆ ಬರುವುದೆಂದು ಅಂದು ಕಂಡೆ.

ಬಳಿಕ ನಟ್ಟಿನ ಸುತ್ತಲಿನ ಧೂಳನ್ನು ತಂತಿಯ ಬ್ರಷ್ಷಿನಿಂದ ಕೆರೆದು, ಬೋಲ್ಟಿನ ತುದಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟರು. ಎಣ್ಣೆ ಬ್ರೇಕಿನ ಕಡೆಗೆ ಹರಿಯದಂತೆ ಬಟ್ಟೆ ಒತ್ತಿ ಹಿಡಿದಿದ್ದರು. "ಈಗ ಬೀಡಿ ಸೇದೋ ತನಕ ಸುಮ್ಮಕ ಕೂಡ್ರಿ" ಎಂದರು. ನನಗೆ ಕೂರಲಾದೀತೆ? ರೈಲಿನ ಹೊತ್ತು ಎದೆಯ ಮೇಲೆ ಕುಳಿತಿತ್ತು. ಆದರೆ ಆ ಕಾಯುವಿಕೆ ಸೋಮಾರಿತನವಲ್ಲ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಮರೆಯ ಸುತ್ತುಗಳ ನಡುವೆ ಅದು ಬೆಣೆಯಂತೆ ತುಂಬಿಕೊಂಡಿರುವಾಗ, ತೆಳುವಾದ ಎಣ್ಣೆ ಆ ಸಂದಿಗಳಲ್ಲಿ ಇಳಿಯಲು ವೇಳೆ ಬೇಕು.

ನನ್ನ ನಟ್ಟಿನ ಮೂಲರೋಗ ಮಾತ್ರ ತುಕ್ಕಲ್ಲ. ಕೆಲವು ದಿನಗಳ ಹಿಂದೆ ಟೈರಿನ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಗಾಳಿಯ ಬಂದೂಕಿನಿಂದ ಅದನ್ನು ಗರಗರನೆ ಬಿಗಿದಿದ್ದ. ಎಷ್ಟು ಬಲವಾಗಿ ಸದ್ದಾದರೆ ಅಷ್ಟು ಒಳ್ಳೆಯ ಕೆಲಸವೆಂದು ನಾನೂ ನಿಂತು ಮೆಚ್ಚಿದ್ದೆ!

ಕಾರಿನ ಗಾಲಿಯ ನಟ್ಟಿಗೆ ಸಾಮಾನ್ಯವಾಗಿ ಬೇಕಾದ ಬಿಗಿ 80ರಿಂದ 120 ನ್ಯೂಟನ್ ಮೀಟರ್. ಅರ್ಧ ಮೀಟರು ಉದ್ದದ ಹಿಡಿಕೆಯ ತುದಿಯಲ್ಲಿ ಇಪ್ಪತ್ತು ಕಿಲೋ ಭಾರ ಹಾಕಿದರೆ ಹೆಚ್ಚುಕಡಿಮೆ ನೂರಾಯಿತು. ಕಾಲು ಮೀಟರಿನ ಹಿಡಿಕೆಯಾದರೆ ನಲವತ್ತು ಕಿಲೋ ಬೇಕು. ಕಾರಿನೊಡನೆ ಬರುವ ಗಿಡ್ಡ ಪಾನಾದ ಮೇಲೆ ಜನ ಹತ್ತಿ ಕುಣಿಯುವುದು ಇದರಿಂದಲೇ. ಕುಣಿತದ ಫಲವಾಗಿ ಪಾನಾ ಹಾರಿ ಮೊಣಕಾಲಿಗೆ ಬಡಿಯುತ್ತದೆ, ಇಲ್ಲವೆ ಬೋಲ್ಟೇ ತುಂಡಾಗುತ್ತದೆ.

ಚಾಚಾ ಗೋಣಿಚೀಲದಿಂದ ತೆಗೆದುದು ಎರಡು ಅಡಿ ಉದ್ದದ, ಯಾವ ಹಲ್ಲೂ ಇಲ್ಲದ ಗಟ್ಟಿ ಸರಳಿನ ಹಿಡಿಕೆ. ಅದರೊಂದಿಗೆ ದಪ್ಪ ಗೋಡೆಯ ಆರು ಮೂಲೆಯ ಕರಿಯ ಸಾಕೆಟ್ಟು. ರಾಚೆಟ್ಟು ಸಡಿಲಾದ ನಟ್ಟನ್ನು ಬೇಗ ಬಿಚ್ಚುವ ಸಾಧನವೇ ಹೊರತು ಕಚ್ಚಿದ್ದನ್ನು ಎಬ್ಬಿಸುವ ಸಾಧನವಲ್ಲ. ಕರಿಯ ಸಾಕೆಟ್ಟು ಕ್ರೋಮ್ ಮಾಲಿಬ್ಡಿನಮ್ ಉಕ್ಕಿನದು, ಪೆಟ್ಟನ್ನು ತಾಳಿಕೊಳ್ಳುತ್ತದೆ. ಹೊಳೆಯುವ ಕ್ರೋಮ್ ವೆನೇಡಿಯಮ್ ಸಾಕೆಟ್ಟು ಕೈಬಲಕ್ಕೆ ಸರಿ. ಅದನ್ನು ಗಾಳಿಯ ಬಂದೂಕಿಗೆ ಹಾಕಿದರೆ ಸಿಡಿದು ಚೂರು ಕಣ್ಣಿಗೆ ಹಾರೀತು. ಆದರೆ ಅಲಾಯ್ ಗಾಲಿಯ ಆಳವಾದ ಗುಳಿಗಳಲ್ಲಿ ದಪ್ಪ ಗೋಡೆಯದು ಇಳಿಯುವುದೇ ಇಲ್ಲ. ಅಲ್ಲಿಗೆ ತೆಳುಗೋಡೆಯ ಉದ್ದನೆಯ ಸಾಕೆಟ್ಟು ಬೇಕು.

ಸವೆದ ನಟ್ಟಿನ ಮೇಲೆ ಸಾಕೆಟ್ಟನ್ನು ಸುತ್ತಿಗೆಯಿಂದ ಎರಡು ಸಲ ಬಡಿದು ಕೂರಿಸಿದರು. ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಳ್ಳಿ, ಅನಂತರ ಬಿಚ್ಚುವ ಕಡೆಗೆ ಸಮನಾಗಿ ಭಾರ ಬಿಟ್ಟರು. ಜಗ್ಗಾಟವಿಲ್ಲ, ಒದೆತವಿಲ್ಲ. ಕಿರ್ರೆಂದು ಒಂದು ಕೂಗು. ನಟ್ಟು ಅಲುಗಿತು. ತಾಯಿಯವರು ಎರಡೂ ಕೈ ಜೋಡಿಸಿದರು. ದೇವಿಗೋ ಚಾಚಾನಿಗೋ ತಿಳಿಯದು.

"ಒಂದು ವೇಳೆ ಇದೂ ಜಾರಿದ್ದರೆ?" ಎಂದು ಕೇಳಿದೆ. ಒಳಗೆ ಎದುರುಸುತ್ತಿನ ಹಲ್ಲುಗಳಿರುವ ಸಾಕೆಟ್ಟೊಂದನ್ನು ತೋರಿಸಿದರು. ಬಿಚ್ಚುವ ಕಡೆಗೆ ತಿರುಗಿಸಿದಷ್ಟೂ ಅದು ನಟ್ಟನ್ನು ಕಚ್ಚುತ್ತ ಹೋಗುತ್ತದೆ. ನಟ್ಟು ಆಮೇಲೆ ಗುಜರಿಗೇ ಸರಿ. ಬೆಂಕಿಯ ಮಾತೆತ್ತಿದಾಗ ಅವರ ಮುಖ ಗಂಭೀರವಾಯಿತು. "ಟೈರ್ ಇದ್ದಾಗ ಬೆಂಕಿ ಹಚ್ಚಬ್ಯಾಡ್ರಿ, ಬಾಂಬ್ ಆಗ್ತದ." ಗಾಳಿ ತುಂಬಿದ ಟೈರು ಕಾದರೆ ಸಿಡಿದು ಪ್ರಾಣ ತೆಗೆಯಬಲ್ಲುದು.

ಸ್ಟೆಪ್ನಿ ಹಾಕಿ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುವ ಮುನ್ನ ಬೋಲ್ಟುಗಳ ಮೇಲಿನ ಎಣ್ಣೆಯನ್ನು ಒರೆಸಿದರು. ಎಣ್ಣೆಯಿದ್ದರೆ ಅದೇ ಬಲಕ್ಕೆ ನಟ್ಟು ಹೆಚ್ಚು ಬಿಗಿದು, ಮುಂದಿನ ಸಲ ಮತ್ತದೇ ಕಥೆ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ತಾಯಿಯವರು ಕೊಟ್ಟ ಪ್ರಸಾದದ ತೆಂಗಿನಕಾಯಿಯನ್ನು ಚೀಲದೊಳಗಿಟ್ಟುಕೊಂಡು ಮೋಪೆಡ್ ಹತ್ತಿದರು.

ವಾಡಿಗೆ ನಾವು ತಲುಪಿದಾಗ ರೈಲಿನ ವೇಳೆ ಮೀರಿತ್ತು. ಆದರೆ ಆ ದಿನ ಗಾಡಿಯೇ ಇಪ್ಪತ್ತು ನಿಮಿಷ ತಡ! ಅಳಿಯ ಮಸಿ ಹಿಡಿದ ಕೈಯಿಂದಲೇ ಪೆಟ್ಟಿಗೆ ಹಿಡಿದು ಓಡಿದ.

ನಲವತ್ತು ತುಂಡುಗಳ ಪೆಟ್ಟಿಗೆ ಈಗ ಅಟ್ಟ ಸೇರಿದೆ. ಕಾರಿನಲ್ಲಿರುವುದು ನಮ್ಮ ನಟ್ಟಿನ ಅಳತೆಯ ಆರು ಮೂಲೆಯ ಸಾಕೆಟ್ಟು ಒಂದು, ಎರಡಡಿಯ ಹಿಡಿಕೆ ಒಂದು, ಎಣ್ಣೆಯ ಡಬ್ಬಿ, ಜಾಕಿನಡಿಗೆ ಒಂದು ಚೌಕ ಹಲಗೆ. ಟೈರಿನ ಅಂಗಡಿಗೆ ಹೋದಾಗ, ಕೊನೆಯ ಬಿಗಿಯನ್ನು ಟಾರ್ಕ್ ಪಾನಾದಿಂದ ಕೈಯಲ್ಲೇ ಕೊಡುವಂತೆ ಕೇಳುತ್ತೇನೆ. ಐವತ್ತು ಕಿಲೋಮೀಟರು ಓಡಿಸಿದ ಮೇಲೆ ಮತ್ತೊಮ್ಮೆ ನೋಡುತ್ತೇನೆ. ಅಂಗಡಿಯ ಹುಡುಗರು ನಗುತ್ತಾರೆ, ನಗಲಿ.