ಕರೆ ಬರುವವರೆಗಿನ ಹತ್ತು ವರ್ಷ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಎಂದೊಡನೆ ಎನ್‌ಬಿಎ ನೆನಪಾಗುತ್ತದೆಯಾದರೂ, 30 ತಂಡಗಳ ಆ ಲೀಗಿನಲ್ಲಿ ತಂಡಕ್ಕೆ 15 ಮಂದಿಯಂತೆ ಖಾಯಂ ಸ್ಥಾನ ಸಿಗುವುದು ಸುಮಾರು 450 ಆಟಗಾರರಿಗೆ ಮಾತ್ರ. ಕಾಲೇಜು ತಂಡಗಳಲ್ಲಿ ಮಿಂಚಿಯೂ ಆ ಎಣಿಕೆಯೊಳಗೆ ಸೇರಲಾಗದವರಲ್ಲಿ ಕೆಲವರು ಯುರೋಪಿಗೋ ಚೀನಾಕ್ಕೋ ಹೋದರೆ, ಉಳಿದವರು ತಮ್ಮ ದೇಶದಲ್ಲೇ ಕೆಳಹಂತದ ಲೀಗಿನಲ್ಲಿ ಆಡುತ್ತ ಅವಕಾಶಕ್ಕಾಗಿ ಕಾಯುತ್ತಾರೆ.

ಆ ಕೆಳಹಂತದ ಲೀಗನ್ನು ಎನ್‌ಬಿಎ 2001ರಲ್ಲಿ, ಆಗ್ನೇಯ ರಾಜ್ಯಗಳ 8 ತಂಡಗಳನ್ನು ಕಟ್ಟಿಕೊಂಡು ಆರಂಭಿಸಿತು. ಯುವ ಆಟಗಾರರನ್ನು ಪಳಗಿಸುವ ಉದ್ದೇಶದಿಂದ ಹುಟ್ಟಿದ್ದರಿಂದ ಮೊದಲು ‘ಡೆವಲಪ್‌ಮೆಂಟ್ ಲೀಗ್’, ಬಳಿಕ ‘ಡಿ ಲೀಗ್’ ಎನಿಸಿಕೊಂಡ ಅದು, 2017ರಲ್ಲಿ ಗೇಟರೇಡ್ ಪಾನೀಯದ ಪ್ರಾಯೋಜಕತ್ವ ದೊರೆತ ಮೇಲೆ ‘ಜಿ ಲೀಗ್’ ಆಯಿತು. ಇಲ್ಲಿನ ಸಾಮಾನ್ಯ ಆಟಗಾರನ ಒಪ್ಪಂದ ತಂಡದೊಂದಿಗಲ್ಲದೆ ಲೀಗಿನೊಂದಿಗೇ ಆಗುವುದರಿಂದ, ಯಾವ ಎನ್‌ಬಿಎ ತಂಡ ಬೇಕಾದರೂ ಅವನನ್ನು ಸೆಳೆದುಕೊಳ್ಳಬಹುದು. ‘ಕಾಲ್‌ಅಪ್’ ಎನ್ನಲಾಗುವ ಈ ಕರೆ ಹಲವು ಬಾರಿ 10 ದಿನಗಳ ಒಪ್ಪಂದದ ರೂಪದಲ್ಲಿಯೇ ಬರುತ್ತದೆ.

ಈ ವ್ಯವಸ್ಥೆಯ ಒಳಹೊರಗನ್ನು ಆಂಡ್ರೆ ಇಂಗ್ರಾಮ್ ಅವರ ವೃತ್ತಿಜೀವನದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ. ವರ್ಜೀನಿಯಾದ ರಿಚ್ಮಂಡ್‌ನಲ್ಲಿ 1985ರಲ್ಲಿ ಜನಿಸಿ, ವಾಷಿಂಗ್ಟನ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ ಅವರು, 2007ರಲ್ಲಿ ಯೂಟಾ ಫ್ಲ್ಯಾಶ್ ತಂಡದ ಮೂಲಕ ಈ ಲೀಗಿಗೆ ಬಂದರು. 2011ರಲ್ಲಿ ಆ ತಂಡವೇ ಮುಚ್ಚಿಹೋದಾಗ ನೆಲೆ ತಪ್ಪಿದ ಇಂಗ್ರಾಮ್, ಮುಂದೆ ಎನ್‌ಬಿಎ ತಂಡವಾದ ಲೇಕರ್ಸ್ ಸಂಸ್ಥೆಯ ಅಧೀನದಲ್ಲಿದ್ದ ಲಾಸ್ ಏಂಜಲೀಸ್ ಡಿ-ಫೆಂಡರ್ಸ್ ತಂಡವನ್ನು ಸೇರಿದರು. ಇದೇ ತಂಡ 2017ರಲ್ಲಿ ಸೌತ್ ಬೇ ಲೇಕರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಬುಟ್ಟಿಯಿಂದ 22 ಅಡಿ ಅಥವಾ ಅದಕ್ಕೂ ದೂರದಲ್ಲಿ ಎಳೆದ ಗೆರೆಯಾಚೆಯಿಂದ ಹಾಕುವ, ಮೂರು ಅಂಕ ತರುವ ಎಸೆತವೇ ಅವರ ಬಲವಾಗಿತ್ತು. ಹತ್ತು ಋತುಗಳಲ್ಲಿ ಅಂಥ 713 ಎಸೆತಗಳನ್ನು ಬುಟ್ಟಿಗೆ ಸೇರಿಸಿ ಲೀಗಿನ ದಾಖಲೆಯನ್ನು ತಮ್ಮ ಹೆಸರಿಗೆ ಬರೆದುಕೊಂಡರೂ, ಎನ್‌ಬಿಎಯಿಂದ ಕರೆ ಬರಲಿಲ್ಲ.

ಇಷ್ಟು ದೀರ್ಘಕಾಲ ಕಾಯುವುದರ ಬೆಲೆ ಸಂಬಳದ ಲೆಕ್ಕದಲ್ಲಿ ತಿಳಿಯುತ್ತದೆ. 2017–18ರಲ್ಲಿ ಜಿ ಲೀಗಿನ ಆಟಗಾರರಿಗೆ ಇಡೀ ಋತುವಿಗೆ 26,000 ಅಥವಾ 19,000 ಡಾಲರ್ ಎಂಬ ಎರಡು ದರ್ಜೆಗಳಿದ್ದು, ದಾಖಲೆಗಳ ಒಡೆಯ ಇಂಗ್ರಾಮ್ ಎರಡನೆಯ ದರ್ಜೆಯಲ್ಲಿದ್ದರು. ಮಡದಿ, ಇಬ್ಬರು ಹೆಣ್ಣುಮಕ್ಕಳ ಸಂಸಾರ ನಡೆಸಲು ಅವರು ಮಕ್ಕಳಿಗೆ ಗಣಿತದ ಪಾಠ ಹೇಳುತ್ತಿದ್ದರು.

2018ರ ಏಪ್ರಿಲ್‌ನಲ್ಲಿ ಲೇಕರ್ಸ್ ತಂಡ ಪ್ಲೇಆಫ್ ಸ್ಪರ್ಧೆಯಿಂದ ಹೊರಬಿದ್ದು, ಅದರ ಕೆಲವು ಮುಖ್ಯ ಆಟಗಾರರು ಗಾಯಗೊಂಡಿದ್ದ ಹೊತ್ತಿನಲ್ಲಿ ಆ ಕರೆ ಬಂತು. ಏಪ್ರಿಲ್ 10ರಂದು, 32ನೆಯ ವಯಸ್ಸಿನಲ್ಲಿ, ಹ್ಯೂಸ್ಟನ್ ರಾಕೆಟ್ಸ್ ವಿರುದ್ಧ ಅಂಗಳಕ್ಕಿಳಿದ ಇಂಗ್ರಾಮ್ ಮೂರು ಅಂಕದ 5 ಯತ್ನಗಳಲ್ಲಿ 4ನ್ನು ಸಾಧಿಸಿ ಒಟ್ಟು 19 ಅಂಕ ಗಳಿಸಿದರು. ಪಂದ್ಯವನ್ನು ಲೇಕರ್ಸ್ ಸೋತಿತಾದರೂ ಪ್ರೇಕ್ಷಕರು ‘ಎಂವಿಪಿ’, ಅಂದರೆ ಅತ್ಯಮೂಲ್ಯ ಆಟಗಾರ, ಎಂದು ಕೂಗಿ ಅವರನ್ನು ಕೊಂಡಾಡಿದರು. ಮರುದಿನದ ಪಂದ್ಯದೊಂದಿಗೆ ಋತು ಮುಗಿಯಿತು. ಆ ಎರಡು ಪಂದ್ಯಗಳಿಗೆ ದೊರೆತ ಸುಮಾರು 13,800 ಡಾಲರ್, ಅವರ ಇಡೀ ಋತುವಿನ ಸಂಬಳದ ಮುಕ್ಕಾಲು ಪಾಲಿಗೆ ಹತ್ತಿರವಾಗಿತ್ತು.

ಪರಿಶ್ರಮಕ್ಕೆ ಫಲ ಸಿಕ್ಕೇ ಸಿಗುತ್ತದೆ ಎಂಬುದಕ್ಕೆ ದೃಷ್ಟಾಂತವಾಗಿ ಈ ಕಥೆ ಆಗ ಎಲ್ಲೆಡೆ ಹರಡಿತು. ಆದರೆ 713 ಎಸೆತಗಳು ಮಾಡಲಾಗದ್ದನ್ನು ತಂಡದ ಗಾಯಾಳುಗಳ ಪಟ್ಟಿ ಮಾಡಿತೆಂಬುದನ್ನು ಗಮನಿಸಿದರೆ, ಕೆಳಹಂತದ ಲೀಗಿನಲ್ಲಿ ಅರ್ಹತೆಯಷ್ಟೇ ಸಂದರ್ಭವೂ ನಿರ್ಣಾಯಕವೆಂಬುದು ಖಚಿತವಾಗುತ್ತದೆ. 2019ರಲ್ಲಿ ಲೇಕರ್ಸ್ ಮತ್ತೆ 10 ದಿನಗಳ ಒಪ್ಪಂದ ನೀಡಿದರೂ ಇಂಗ್ರಾಮ್ ಎನ್‌ಬಿಎಯಲ್ಲಿ ನೆಲೆ ನಿಲ್ಲಲಿಲ್ಲ. ಇತ್ತ ಜಿ ಲೀಗ್ 2018–19ರಿಂದ ಮೂಲ ಸಂಬಳವನ್ನು 35,000 ಡಾಲರಿಗೆ ಏರಿಸಿತು. 2020ರಲ್ಲಿ ಅಲ್ಲಿನ ಆಟಗಾರರು ತಮ್ಮದೇ ಸಂಘ ಕಟ್ಟಿಕೊಂಡಾಗ ಇಂಗ್ರಾಮ್ ಅದರ ಅಧ್ಯಕ್ಷರಾದರು. ಮೇಲೇರುವವರಿಗೆ ಮೆಟ್ಟಿಲಾಗಲೆಂದು ರೂಪಿಸಿದ ಲೀಗು, ಅಲ್ಲೇ ಉಳಿಯುವ ಬಹುಸಂಖ್ಯಾತರಿಗೆ ದುಡಿಮೆಯ ಸ್ಥಳವೂ ಹೌದೆಂಬುದನ್ನು ಒಪ್ಪಿಕೊಳ್ಳಲು ಸುಮಾರು ಎರಡು ದಶಕಗಳೇ ಬೇಕಾದವು.